ಬಿದಿರು ಹಿಡಿದವನ ನಾಲ್ಕು ಮಾತು

"ಗುರುಗಳೇ, ಕೂತು ಕೇಳುವವರು ಎದ್ದು ನಿಲ್ಲಬೇಕು. ಅಂಥ ಮಾತನ್ನು ಆಡುವುದು ಹೇಗೆ?"

ಮುರಿಗೆಯ್ಯ ಎಂಬ ಶಿಷ್ಯ ಬೆಳಗಾಗುತ್ತಲೇ ಬಂದು ಹೀಗೆ ಕೇಳಿದ. ಅವನ ದೊಡ್ಡಪ್ಪ ಹಿಂದಿನ ದಿನ ಬಾವಿಗೆ ಬಿದ್ದು ತೀರಿಕೊಂಡಿದ್ದರು. ಮಧ್ಯಾಹ್ನ ಹೆಣ ಎತ್ತುವ ಮುಂಚೆ ಮುರಿಗೆಯ್ಯನೇ ಮಾತಾಡಬೇಕೆಂದು ಮನೆಯವರು ಹೇಳಿದ್ದರು. ಅವನು ಹನ್ನೆರಡು ಹಾಳೆ ಬರೆದು ತಂದಿದ್ದ.

ಆಚೆ ಓಣಿಯವರು ದೊಡ್ಡಪ್ಪನನ್ನು ನೂಕಿದರೆಂದು ಈಚೆ ಓಣಿಯವರು ಹೇಳುತ್ತಿದ್ದರು. ಎರಡೂ ಓಣಿಯ ಗಂಡಸರು ಆಗಲೇ ಬಡಿಗೆ ಹಿಡಿದು ಓಡಾಡುತ್ತಿದ್ದರು.

"ನೂಕಿದ್ದನ್ನು ಕಂಡವರು ಯಾರಾದರೂ ಇದ್ದಾರೋ?" ಎಂದರು ಗುರುಗಳು.

"ಯಾರೂ ಇಲ್ಲ. ನಾನೊಬ್ಬನೇ ಅಲ್ಲಿದ್ದೆ. ಪಾಚಿ ಕಟ್ಟಿದ ಮೆಟ್ಟಿಲ ಮೇಲೆ ಕಾಲಿಟ್ಟರು, ಜಾರಿದರು. ಅದಿರಲಿ, ಮಾತಿನ ಕೊನೆಗೆ ಎಲ್ಲಾದರೂ ಬರುತ್ತದೆ. ಮೊದಲು ಜನ ನನ್ನ ಕಡೆ ತಿರುಗಬೇಕಲ್ಲ. ಶುರು ಹೇಗೆ ಮಾಡಲಿ, ಅದನ್ನು ಹೇಳಿಕೊಡಿ."

ಗುರುಗಳು ಗಡ್ಡ ಸವರಿಕೊಂಡರು. ಬಡಾಯಿಯಲ್ಲಿ ತಮ್ಮನ್ನು ಮೀರಿಸಿದವರಿಲ್ಲ ಎಂಬುದು ಅವರದೇ ಬಡಾಯಿ.

"ಸರಿಯಾದ ಕಡೆಗೇ ಬಂದಿದ್ದೀಯ. ಒಮ್ಮೆ ನಾನು ಪ್ರವಚನ ಶುರು ಮಾಡುವಾಗ ಎದುರಿಗಿದ್ದ ಹಸು ಕರು ಹಾಕಿತು. ಮುಗಿಸುವಾಗ ಆ ಕರು ಹಾಲು ಕೊಡುತ್ತಿತ್ತು. ಅಂಥ ನನ್ನನ್ನೂ ಮಾತಿನಲ್ಲಿ ಸೋಲಿಸಿದವನು ಒಬ್ಬನಿದ್ದ. ಒಬ್ಬನೇ. ಅವನ ಕತೆ ಕೇಳು. ಶುರು ಹೇಗೆ ಎನ್ನುವುದು ಅದರಲ್ಲೇ ಇದೆ."

ಮುರಿಗೆಯ್ಯ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಊರಿಗೆಲ್ಲ ಅವನು ಮಾವ. ಎಣ್ಣೆಗೆ ಬಂದವರು ಎಣ್ಣೆ ಮರೆತು ಕತೆ ಕೇಳಿಕೊಂಡು ಹೋಗುತ್ತಿದ್ದರು. ತನ್ನ ಎತ್ತು ಗಾಣ ಸುತ್ತಿದ ದಾರಿಯನ್ನು ನೇರ ನಡೆದಿದ್ದರೆ ಕಾಶಿ ಮುಟ್ಟಿ, ತಿರುಗಿ ಬಂದು, ಬೇಸರವಾಗಿ ಮತ್ತೆ ಕಾಶಿಗೇ ಹೊರಟಿರುತ್ತಿತ್ತು ಎಂದು ಅವನು ಹೇಳುತ್ತಿದ್ದ. ಒಂದು ದಿನ ಕೆರೆಯ ಮೊಸಳೆ ಮೇಕೆಯನ್ನು ಕಚ್ಚಿಕೊಂಡು ಹೋಗುವಾಗ ತಾನು ದಡದಲ್ಲಿ ಕೂತು ಕತೆ ಹೇಳುತ್ತಿದ್ದನಂತೆ. ಮೊಸಳೆ ನಿಂತು ಕೇಳಿತಂತೆ, ನಗು ತಡೆಯಲಾರದೆ ಬಾಯಿ ಬಿಟ್ಟಿತಂತೆ. ಮೇಕೆ ಮನೆಗೆ ಬಂದಿತಂತೆ. ಯಾರ ಮೇಕೆ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಆ ಊರಿನ ಕೆರೆಗೆ ಒಬ್ಬ ನೀರುಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಹಂಚುವವನು ಅವನು. ಮೂವತ್ತು ವರ್ಷ ಹಂಚಿದ್ದ. ಒಬ್ಬರಿಗೆ ಒಂದು ಗಳಿಗೆ ಹೆಚ್ಚಿಲ್ಲ, ಒಬ್ಬರಿಗೆ ಕಡಿಮೆಯಿಲ್ಲ. ಮಾತು ಮಾತ್ರ ಬಲು ಕಮ್ಮಿ. ಯಾಕೆ ಎಂದು ಕೇಳಿದವರಿಗೆ ಅವನು ಉತ್ತರ ಕೊಟ್ಟದ್ದೇ ಇಲ್ಲ. ಈ ಮೂಕನಿಗೂ ಆ ಬಾಯಿಬಡುಕನಿಗೂ ಗಾಢ ಸ್ನೇಹ. ಅದು ಹೇಗೆ ಕುದುರಿತೋ ಯಾರಿಗೂ ತಿಳಿಯದು.

ಮೂರು ದಿನದಿಂದ ಮೇಲಿನ ಗುಡ್ಡದಲ್ಲಿ ಮಳೆ ಹಿಡಿದಿತ್ತು. ಕೆರೆ ಕಂಠಮಟ್ಟ ತುಂಬಿತು. ಊರಿಗೆ ಹಬ್ಬ. ಸಂಜೆ ನೀರುಗಂಟಿ ಗಾಣಿಗನನ್ನು ಏರಿಯ ಕೆಳಗೆ ಕರೆದುಕೊಂಡು ಹೋದ. ಅಲ್ಲೊಂದು ಏಡಿ ಬಿಲ. ಅದರಿಂದ ಬೆರಳು ಗಾತ್ರದ ನೀರು ಬರುತ್ತಿತ್ತು. ನೀರುಗಂಟಿ ಅದನ್ನು ಬೊಗಸೆಯಲ್ಲಿ ಹಿಡಿದು ತೋರಿಸಿದ. ನೀರು ಬಗ್ಗಡವಾಗಿತ್ತು. ತಿಳಿನೀರು ಬಂದರೆ ಏರಿ ಬೆವರುತ್ತಿದೆ ಎಂದು ಅರ್ಥ, ಹೆದರಬೇಕಿಲ್ಲ. ಬಗ್ಗಡ ಬಂದರೆ ಒಳಗೆ ಮಣ್ಣು ಕರಗುತ್ತಿದೆ. ಅರ್ಧ ಕೆರೆ ಖಾಲಿ ಮಾಡದೆ ಬೇರೆ ದಾರಿಯಿಲ್ಲ.

"ಬೆಳಿಗ್ಗೆ ತೂಬು ಎತ್ತುತ್ತೇನೆ. ಯಾಕೆ ಅಂತ ಜನಕ್ಕೆ ನೀನು ಹೇಳು ಮಾವ. ನೀರು ನನ್ನದು, ಮಾತು ನಿನ್ನದು" ಎಂದ ನೀರುಗಂಟಿ. ಅಷ್ಟು ಉದ್ದದ ಮಾತನ್ನು ಅವನು ಆ ವರ್ಷದಲ್ಲೇ ಆಡಿರಲಿಲ್ಲ.

ತೂಬು ಎತ್ತುವವನು ಹಿಂದಿನ ಸಂಜೆ ಊರಿನ ನಾಲ್ವರು ಹಿರಿಯರಿಗೆ ತಿಳಿಸಬೇಕು. ನೀರುಗಂಟಿ ಹೋಗಿ ತಿಳಿಸಿದ. ನಾಳೆ ತೂಬು ಎತ್ತುತ್ತೇನೆ ಎಂದ, ತಿರುಗಿ ಬಂದ. ಗಾಣಿಗನೂ ಅವರ ಬಾಗಿಲಿಗೆ ಹೊರಟವನೇ. ಅರ್ಧ ದಾರಿಯಲ್ಲಿ ನಿಂತ. ಇಷ್ಟು ದೊಡ್ಡ ಸುದ್ದಿಯನ್ನು ಸುಮ್ಮನೆ ಬಾಗಿಲಲ್ಲಿ ನಿಂತು ಒದರುವುದೇ? ಚಾವಡಿಯಲ್ಲಿ ಊರು ಸೇರಿದಾಗ ಕಟ್ಟಿ ಹೇಳಬೇಕು ಅನ್ನಿಸಿತು. ಏಡಿಯಿಂದ ಶುರು ಮಾಡಿದರೆ ಚೆನ್ನೋ, ಕೆರೆ ಕಟ್ಟಿದ ಅಜ್ಜಂದಿರಿಂದ ಶುರು ಮಾಡಿದರೆ ಚೆನ್ನೋ ಎಂದು ಯೋಚಿಸುತ್ತ ಮನೆಗೆ ಹೋಗಿ ಮಲಗಿದ.

ಬೆಳಕು ಹರಿಯುವ ಹೊತ್ತಿಗೆ ನಾಲ್ವರೂ ಸಲಿಕೆ ಹಿಡಿದು ತೂಬಿನ ಬಳಿ ಕಾದಿದ್ದರು. ಕೆರೆಯಲ್ಲಿರುವುದು ಊರಿನ ಇಡೀ ವರ್ಷದ ಅನ್ನ. ಅದನ್ನು ಹರಿಯಬಿಡುತ್ತಾನೆ, ಕೆರೆ ತನ್ನದೇ ಅಂದುಕೊಂಡುಬಿಟ್ಟಿದ್ದಾನೆ, ಇವನಿಗೆ ಅಧಿಕಾರ ತಲೆಗೇರಿದೆ ಎಂದು ಅವರು ಮಾತಾಡಿಕೊಂಡಿದ್ದರು. ಬೇಡ ಎಂದರು. ಕೈ ಮುಗಿದರು. ಯಾಕೆಂದಾದರೂ ಹೇಳು ಎಂದರು. ಹೇಳುವುದು ಗಾಣಿಗನ ಕೆಲಸವೆಂದು ನೀರುಗಂಟಿ ಬಗ್ಗಿ ತೂಬಿನ ಕಲ್ಲಿಗೆ ಕೈ ಹಾಕಿದ. ಅವನ ಮೇಲೆ ಸಲಿಕೆಗಳು ಬಿದ್ದವು.

ಗಾಣಿಗ ಎದ್ದಾಗ ಊರು ಚಾವಡಿಯ ಮುಂದೆ ಸೇರಿತ್ತು. ನೀರುಗಂಟಿ ಸತ್ತ ಸುದ್ದಿ ಕೇಳಿ ಚಾವಡಿಗೆ ಓಡಿದ. ಏರಿಯ ಕೆಳಗಿನ ದಾರಿಯಲ್ಲೇ ಓಡಿದ. ಏಡಿ ಬಿಲ ಈಗ ಕೊಡದ ಬಾಯಿಯಷ್ಟಾಗಿತ್ತು. ನೀರು ಕೆಂಪಗೆ ಧುಮುಕುತ್ತಿತ್ತು. ಮಧ್ಯಾಹ್ನದವರೆಗೆ ತಡೆದೀತು ಎಂದು ಅವನು ಲೆಕ್ಕ ಹಾಕಿದ. ಓಡುತ್ತಲೇ ತನ್ನ ಮಾತನ್ನು ಸಣ್ಣದು ಮಾಡಿಕೊಂಡ. ಏಡಿಯನ್ನು ಬಿಟ್ಟ, ಅಜ್ಜಂದಿರನ್ನು ಬಿಟ್ಟ. ಉಳಿದದ್ದು ನಾಲ್ಕು ಮಾತು.

ಏರಿ ಕರಗುತ್ತಿದೆ, ತೂಬು ಎತ್ತಿ.

ಆ ಊರಿಗೊಂದು ಕಟ್ಟಳೆ ಇತ್ತು. ಹೆಣ ಎತ್ತುವ ಮುಂಚೆ ಸತ್ತವನ ಬಗ್ಗೆ ಹೇಳುವುದಿದ್ದವರು ಚಟ್ಟದ ಬಿದಿರು ಹಿಡಿದು ಹೇಳಬೇಕು. ಚಟ್ಟಕ್ಕೆ ಎರಡು ಬಿದಿರು, ಆದ್ದರಿಂದ ಒಂದು ಸಾವಿಗೆ ಇಬ್ಬರೇ ಮಾತುಗಾರರು. ಕೈ ಬಿದಿರಿನ ಮೇಲಿರುವ ತನಕ ಉಳಿದವರು ಬಾಯಿ ತೆರೆಯುವಂತಿಲ್ಲ, ಚಟ್ಟ ಎತ್ತುವಂತಿಲ್ಲ. ಊರಿನಲ್ಲಿ ಹೆಣವಿರುವಷ್ಟು ಹೊತ್ತು ಕೆರೆಗೂ ಸೂತಕ. ಯಾರೂ ಸಲಿಕೆ ಮುಟ್ಟುವಂತಿಲ್ಲ, ಏರಿ ಹತ್ತುವಂತಿಲ್ಲ. ಆಡುವವರು ಬೇಗ ಆಡಿ ಮುಗಿಸಲಿ ಎಂದೇ ಹಿಂದಿನವರು ಹಾಗೆ ಮಾಡಿದ್ದರು.

ಎಡದ ಬಿದಿರನ್ನು ಆಗಲೇ ಆ ನಾಲ್ವರಲ್ಲಿ ಹಿರಿಯನಾದ ರೈತ ಹಿಡಿದಿದ್ದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ನಾವೇ ಕೊಂದೆವು ಎಂದ. ಇವನ ಮೇಲೆ ನನಗೆ ಹಗೆಯಿರಲಿಲ್ಲ, ನನ್ನ ಮಗಳ ಮದುವೆಯಲ್ಲಿ ಇವನು ಹಂದರ ಹಾಕಿದ್ದ, ಆದರೆ ಇವನೊಬ್ಬನ ಹಟಕ್ಕೆ ಊರು ಉಪವಾಸ ಬೀಳುತ್ತಿತ್ತು ಎಂದ. ಹೆಚ್ಚು ಹೇಳಲಿಲ್ಲ. ಜನ ತಲೆಯಾಡಿಸಿದರು. ಕೆರೆ ಉಳಿಯಿತಲ್ಲ ಎಂದು ಕೆಲವರ ಮುಖದಲ್ಲಿ ನೆಮ್ಮದಿಯೂ ಇತ್ತು.

ಗಾಣಿಗ ಜನರನ್ನು ತಳ್ಳಿಕೊಂಡು ಬಂದು ಬಲದ ಬಿದಿರು ಹಿಡಿದ.

ನಾಲ್ಕು ಮಾತು ನಾಲಿಗೆಯ ತುದಿಯಲ್ಲೇ ಇದ್ದವು. ಬಾಯಿ ತೆರೆದ. ಜನ ಅವನ ಮುಖ ನೋಡಿದರು. ಅವರ ನೋಟದಲ್ಲಿ ಇವನೇನು ಹೇಳಿಯಾನು ಎಂಬ ಸಸಾರವಿತ್ತು. ಮಾವ ಬಂದ, ಮೊಸಳೆ ಬಂತು ಎಂದು ಹಿಂದೆ ಯಾರೋ ಕಟ್ಟಳೆ ಮೀರಿ ಪಿಸುಗುಟ್ಟಿದರು. ಗಾಣಿಗನಿಗೆ ಅಳುಕಾಯಿತು. ಏರಿ ಕರಗುತ್ತಿದೆ ಎಂದರೆ ಇದೂ ಮಾವನ ಕತೆ ಎಂದುಬಿಟ್ಟರೆ? ಮೊದಲು ಕಿವಿ ತೆರೆಸಬೇಕು. ಕಿವಿ ತೆರೆದ ಮೇಲೆ ಹೇಳಿದರಾಯಿತು.

ಅವನು ನಗಿಸುವುದರಿಂದ ಶುರು ಮಾಡಿದ. ಈ ಮನುಷ್ಯ ಎಷ್ಟು ಕಡಿಮೆ ಮಾತಾಡುತ್ತಿದ್ದನೆಂದರೆ, ಮದುವೆಯಾಗಿ ಮೂರು ದಿನದ ಮೇಲೆ ಹೆಂಡತಿ ಪಕ್ಕದ ಮನೆಗೆ ಹೋಗಿ, ನನಗೆ ಗಂಡ ಯಾರು ಎಂದು ಕೇಳಿಕೊಂಡು ಬಂದಳು ಎಂದ. ಹೆಣದ ಮುಂದೆ ಜನ ನಕ್ಕರು. ನಕ್ಕದ್ದಕ್ಕೆ ನಾಚಿದರು. ನಾಚಿದವರ ಕಣ್ಣಿನಲ್ಲಿ ನೀರು ಬಂತು. ಒಂದೇ ಮಾತಿಗೆ ಮೂರೂ ಆದದ್ದನ್ನು ಗಾಣಿಗ ಕಂಡ. ಮೂವತ್ತು ವರ್ಷ ಕತೆ ಹೇಳಿದ್ದರೂ ಅವನು ಹೀಗೆ ಆದದ್ದನ್ನು ಕಂಡಿರಲಿಲ್ಲ.

ಈಗ ಹೇಳಬಹುದಿತ್ತು. ಇನ್ನೊಂದು ಸ್ವಲ್ಪ ಎಂದುಕೊಂಡ.

ಹೆಣದ ಪಾದದ ಮೇಲಿನ ಬಟ್ಟೆ ಸರಿಸಿದ. ಒಡೆದ ಹಿಮ್ಮಡಿಯಲ್ಲಿ ಕೆರೆಯ ಮಣ್ಣು ಇನ್ನೂ ಹಸಿಯಾಗಿತ್ತು. ಈ ಕಾಲು ತುಳಿಯದ ಗದ್ದೆ ಯಾರದ್ದಾದರೂ ಇದೆಯೋ ಎಂದು ಕೇಳಿದ. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೇಳಿದ. ನಿನ್ನ ಹೆಂಡತಿ ಹೆರಿಗೆಯಲ್ಲಿದ್ದಾಗ ನಿನ್ನ ಗದ್ದೆಗೆ ನೀರು ಬಿಟ್ಟವರು ಯಾರು? ನೀನು ಜ್ವರದಲ್ಲಿ ಮಲಗಿದಾಗ ನಿನ್ನ ಬದು ಕಟ್ಟಿದವರು ಯಾರು? ಕಟ್ಟಳೆಯಂತೆ ಯಾರೂ ಬಾಯಿ ತೆರೆಯಲಿಲ್ಲ. ಬಾಯಿ ತೆರೆಯದವರ ಮುಖಗಳು ಕೆಂಪಾದವು. ಅಳು ಮೊದಲು ಹೆಂಗಸರ ಕಡೆಯಿಂದ ಶುರುವಾಯಿತು.

ಈಗಲೂ ಹೇಳಬಹುದಿತ್ತು. ಗಾಣಿಗನಿಗೆ ಕೆರೆಯ ನೆನಪಿತ್ತು. ಕೊಡದ ಬಾಯಿ ಈಗ ಹಂಡೆಯ ಬಾಯಿ ಆಗಿರುತ್ತದೆ ಎಂದೂ ತಿಳಿದಿತ್ತು. ಆದರೆ ಇಡೀ ಊರು ಅವನ ನಾಲಿಗೆಗೆ ಕಟ್ಟಿದ ಎತ್ತಿನಂತೆ ಸುತ್ತುತ್ತಿತ್ತು. ಎಡಕ್ಕೆಂದರೆ ಎಡ, ಬಲಕ್ಕೆಂದರೆ ಬಲ. ಓಡುವ ಎತ್ತನ್ನು ನಿಲ್ಲಿಸಲು ಯಾವ ಗಾಣಿಗನಿಗೆ ಮನಸ್ಸು ಬರುತ್ತದೆ?

ಚಾವಡಿಯ ಗೋಡೆಗೆ ನಾಲ್ಕು ಸಲಿಕೆಗಳನ್ನು ಒರಗಿಸಿಟ್ಟಿದ್ದರು. ಗಾಣಿಗ ಅವುಗಳ ಕಡೆ ತಿರುಗಿದ. ದನಿ ತಗ್ಗಿಸಿದ.

"ನಮ್ಮ ಹಿರಿಯರು ಎಷ್ಟು ಚೊಕ್ಕಟದವರು ನೋಡಿ. ಊರಿನವರು ಸಲಿಕೆ ತೊಳೆಯುವುದು ಸಂಜೆಗೆ. ಇವರು ಹೊತ್ತು ಹುಟ್ಟುವ ಮುಂಚೆಯೇ ತೊಳೆದಿಟ್ಟಿದ್ದಾರೆ."

ಜನ ಸಲಿಕೆಗಳನ್ನು ನೋಡಿದರು. ಮೂವರು ಹಿರಿಯರು ಹಿಂದೆ ಸರಿದರು. ಹಿರಿಯ ರೈತ ಮಾತ್ರ ಎಡದ ಬಿದಿರನ್ನು ಬಿಟ್ಟಿರಲಿಲ್ಲ. ಬಿದಿರು ಹಿಡಿದವನಿಗೆ ಕೇಳುವ ಹಕ್ಕಿದೆ. ಅವನು ಕೇಳಿದ.

"ಮಾವ, ನಿನ್ನೆ ಸಂಜೆ ಅವನ ಜೊತೆ ಏರಿಯ ಕೆಳಗೆ ನೀನಿದ್ದೆ. ತೂಬು ಎತ್ತುತ್ತೇನೆ ಅಂದದ್ದು ಯಾಕೆ? ನಿನಗೆ ಗೊತ್ತಿದ್ದರೆ ಹೇಳಿಬಿಡು. ನಾವು ಮಾಡಿದ್ದು ತಪ್ಪಾಗಿದ್ದರೆ ನನ್ನನ್ನು ಆಮೇಲೆ ಏನು ಬೇಕಾದರೂ ಮಾಡಿ."

ಇಂಥ ಗಳಿಗೆ ಮಾತುಗಾರನ ಬಾಳಿನಲ್ಲಿ ಒಂದೇ ಸಲ ಬರುತ್ತದೆ. ಕೇಳಬೇಕಾದವನು ಕೇಳಬೇಕಾದದ್ದನ್ನೇ ಕೇಳಿದ್ದ. ಊರು ಕಿವಿಯಾಗಿ ಕೂತಿತ್ತು. ನಾಲ್ಕು ಮಾತು ಹೇಳಿದರೆ ಸಾಕಿತ್ತು. ಹೆಣ ಎತ್ತಿಕೊಂಡು ಅರ್ಧ ಜನ ಮಸಣಕ್ಕೆ, ಅರ್ಧ ಜನ ತೂಬಿಗೆ ಓಡುತ್ತಿದ್ದರು.

ಆದರೆ ಆ ನಾಲ್ಕು ಮಾತು ಬಲು ಬಡಕಲಾಗಿದ್ದವು. ಅಷ್ಟು ಹೊತ್ತು ಹೊತ್ತಿಸಿದ ಬೆಂಕಿಯ ಮೇಲೆ ಅವು ಒಂದು ಚೆಂಬು ನೀರು ಹೊಯ್ದಂತೆ ಆಗುತ್ತಿದ್ದವು. ಅದೇ ಹೊತ್ತಿಗೆ ಇನ್ನೊಂದು ಮಾತು, ತುಂಬ ಸೊಗಸಾದ ಮಾತು, ತಾನಾಗಿ ಅವನ ಬಾಯಿಗೆ ಬಂತು. ಅದನ್ನು ಬಿಡಲು ಅವನಿಗೆ ಆಗಲಿಲ್ಲ.

"ಮೂವತ್ತು ವರ್ಷ ಯಾಕೆ ಅಂತ ಕೇಳದೆ ಅವನು ಬಿಟ್ಟ ನೀರು ಕುಡಿದಿರಿ. ಯಾಕೆ ಅಂತ ಈಗ ಅವನನ್ನೇ ಕೇಳಿ. ಇಗೋ, ಬಾಯಿ ನೀವೇ ಮುಚ್ಚಿಸಿದ್ದೀರಿ."

ಊರು ಎದ್ದು ನಿಂತಿತು.

ಮುರಿಗೆಯ್ಯ, ನೀನು ಕೇಳಿದೆಯಲ್ಲ, ಕೂತವರು ಏಳುವ ಮಾತು. ಅದು ಇದೇ. ಮುದುಕರು ಎದ್ದರು, ಕುಂಟರು ಎದ್ದರು, ಎಳೆಗೂಸನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸರು ಎದ್ದರು. ನನ್ನ ಪ್ರವಚನಕ್ಕೆ ಹೀಗೆ ಎದ್ದವರಿಲ್ಲ. ಎದ್ದವರೆಲ್ಲ ಊಟಕ್ಕೆ ಎದ್ದವರು.

ಸೂತಕದಲ್ಲಿ ಮುಟ್ಟಬಾರದ ಸಲಿಕೆಗಳನ್ನು ಜನ ಮುಟ್ಟಿದರು. ಕೆರೆಗಾಗಿ ಮುಟ್ಟಲಿಲ್ಲ. ಗೋಡೆಗೆ ಒರಗಿದ್ದ ನಾಲ್ಕರಲ್ಲಿ ಮೂರನ್ನು ಕಿತ್ತುಕೊಂಡರು. ಸಿಗದವರು ಕಲ್ಲು ಹಿಡಿದರು, ಒಲೆಯ ಕೊಳ್ಳಿ ಹಿಡಿದರು. ಮೂವರು ಹಿರಿಯರ ಹಿಂದೆ ಮೂರು ದಿಕ್ಕಿಗೆ ಓಡಿದರು.

ಆಗ ಗಾಣಿಗ ಹೇಳಿದ. ಏರಿ ಕರಗುತ್ತಿದೆ, ತೂಬು ಎತ್ತಿ. ಯಾರೂ ತಿರುಗಲಿಲ್ಲ. ಇನ್ನೊಮ್ಮೆ ಹೇಳಿದ. ಕೈ ಇನ್ನೂ ಬಿದಿರಿನ ಮೇಲಿದೆ, ಕಟ್ಟಳೆಯಂತೆ ನನ್ನ ಮಾತು ಕೇಳಬೇಕು ಎಂದು ಕೂಗಿದ. ನೀನು ಹೇಳಿದ್ದು ಸಾಕು ಮಾವ, ಎಲ್ಲ ತಿಳಿಯಿತು, ಇನ್ನು ನಮಗೆ ಬಿಡು ಎಂದು ಯಾರೋ ಅವನ ಬೆನ್ನು ತಟ್ಟಿ ಮುಂದೆ ಓಡಿದರು.

ಕೇಳಿಸಿದ್ದು ಒಬ್ಬನಿಗೆ. ಎಡದ ಬಿದಿರಿನ ಬಳಿ ನಿಂತಿದ್ದ ಹಿರಿಯ ರೈತನಿಗೆ. ಅವನು ಗಾಣಿಗನ ಮುಖವನ್ನು ಒಂದು ಸಲ ನೋಡಿದ. ಗೋಡೆಗೆ ಉಳಿದಿದ್ದ ತನ್ನ ಸಲಿಕೆ ಎತ್ತಿಕೊಂಡು ಕೆರೆಯ ಕಡೆಗೆ ಓಡಿದ. ವಯಸ್ಸಾದವನು, ಆದರೂ ಓಡಿದ.

ಜನ ಅದನ್ನು ಕಂಡರು. ಕೊಂದವನು ಕೊಂದ ಸಲಿಕೆಯನ್ನೇ ಹಿಡಿದು ತಪ್ಪಿಸಿಕೊಳ್ಳುತ್ತಿದ್ದಾನೆ ಎಂದುಕೊಂಡರು. ಬೆನ್ನು ಹತ್ತಿದರು. ಗಾಣಿಗನೂ ಬೇಡ ಬೇಡ ಎನ್ನುತ್ತ ಹಿಂದೆಯೇ ಓಡಿದ. ಅವನು ತಮ್ಮ ಜೊತೆಗೇ ಬರುತ್ತಿದ್ದಾನೆಂದು ಜನಕ್ಕೆ ಹುರುಪು ಹೆಚ್ಚಿತು. ರೈತ ಏರಿ ಹತ್ತಿದ. ತೂಬಿನ ಕಲ್ಲಿಗೆ ಹತ್ತು ಹೆಜ್ಜೆ ಉಳಿದಿತ್ತು. ಅಲ್ಲಿ ಅವನನ್ನು ಹಿಡಿದು ಕೆಡವಿ ಬಡಿದರು. ಗಾಣಿಗ ಜನರ ಕಾಲುಗಳ ನಡುವೆ ನುಗ್ಗಿ ಮುಂದೆ ಬಂದು ತೂಬಿನ ಕಲ್ಲಿಗೆ ಕೈ ಹಾಕಿದ. ಪಳಗದ ಕೈಯಾದರೆ ಅದನ್ನು ಎತ್ತಲು ಇಬ್ಬರು ಬೇಕು. ಎತ್ತಲು ಬಂದ ಇಬ್ಬರೂ ಸತ್ತಿದ್ದರು. ಉಳಿದವರಿಗೆ ಬೇರೆ ಕೆಲಸವಿತ್ತು.

ಕಾಲಡಿಯಲ್ಲಿ ಏರಿ ಒಂದು ಸಲ ಅಲುಗಿತು. ಆಮೇಲೆ ಏಡಿ ಬಿಲವಿದ್ದ ಕಡೆ ಬಾಯಿ ಬಿಟ್ಟಿತು.

ನೀರು ಚಾವಡಿಗೆ ಮೊದಲು ಹೋಯಿತು. ಹೊರುವವರಿಲ್ಲದೆ ಬಿದ್ದಿದ್ದ ಚಟ್ಟವನ್ನು ಅದೇ ಹೊತ್ತುಕೊಂಡು ಹೋಯಿತು. ಆಮೇಲೆ ಮನೆಗಳನ್ನು ಒಂದೊಂದಾಗಿ ಕೆಡವಿತು. ಯಾರ ಮನೆ ಕೊಂದವರದು, ಯಾರ ಮನೆ ಅತ್ತವರದು ಎಂದು ನೀರು ಕೇಳಲಿಲ್ಲ.

ಏರಿಯ ಮೇಲಿದ್ದವರು ಉಳಿದರು, ಗಾಣಿಗನೂ ಉಳಿದ. ಬದುಕುಳಿದವರು ಗುಡ್ಡದ ಬದಿಯಲ್ಲಿ ಗುಡಿಸಲು ಹಾಕಿಕೊಂಡರು. ಅವರಲ್ಲಿ ಒಬ್ಬರಾದರೂ ಅವನನ್ನು ಬೈಯಲಿಲ್ಲ. ಅದೇ ಅವನಿಗೆ ದೊಡ್ಡ ಶಿಕ್ಷೆಯಾಯಿತು. ಕೆರೆ ಹೋಯಿತು, ಊರು ಹೋಯಿತು, ಆದರೆ ಮಾತೆಂದರೆ ಮಾವನ ಆವತ್ತಿನ ಮಾತಿನಂತಿರಬೇಕು ಎಂದು ಜನ ಇಂದಿಗೂ ಹೇಳುತ್ತಾರೆ. ಸಲಿಕೆ ತೊಳೆದದ್ದನ್ನು ಹೇಳಿದಾಗ ಮೈ ಜುಮ್ಮೆಂದಿತು ಎನ್ನುತ್ತಾರೆ. ಸಾವಾದ ಮನೆಯವರು ಅವನನ್ನು ಕರೆಯಲು ದೂರದೂರದಿಂದ ಬಂದರು. ಅವನು ಹೋಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಜಗಲಿಗೆ ಬಂದಿತ್ತು. ದೂರದಲ್ಲಿ ಸಾವಿನ ಹಲಗೆ ಬಡಿಯುವ ಸದ್ದು ಕೇಳುತ್ತಿತ್ತು. ಮುರಿಗೆಯ್ಯನ ಮನೆಯ ಕಡೆ ಜನ ಸೇರುತ್ತಿದ್ದರು.

"ಆ ನಾಲ್ಕು ಮಾತನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲವೇ?" ಎಂದ ಮುರಿಗೆಯ್ಯ.

"ದಿನಾ ಹೇಳುತ್ತಿದ್ದ. ಗಾಣದ ಎತ್ತಿಗೆ."

ಮುರಿಗೆಯ್ಯ ತಲೆಯಾಡಿಸಿದ. ಕತೆ ಅರ್ಥವಾಯಿತು ಎಂದ. ಮಾತುಗಾರನಿಗೆ ಹಿಡಿತ ಇರಬೇಕು, ತಾನು ಎಚ್ಚರದಿಂದ ಮಾತಾಡುತ್ತೇನೆ ಎಂದ. ಎದ್ದು ಗುರುಗಳ ಕಾಲಿಗೆ ನಮಸ್ಕರಿಸಿ, ಹಾಳೆಗಳನ್ನು ಜೋಡಿಸಿಕೊಂಡು ಮೆಟ್ಟಿಲಿಳಿದ.

ಗುರುಗಳು ಹಿಂದಿನಿಂದ ಕರೆದು ಕೇಳಿದರು.

"ಮುರಿಗೆಯ್ಯ, ಆ ಹನ್ನೆರಡರಲ್ಲಿ ಪಾಚಿಯ ಮೆಟ್ಟಿಲು ಎಷ್ಟನೆಯ ಹಾಳೆಯಲ್ಲಿದೆ?"

ಮುರಿಗೆಯ್ಯ ಹಾಳೆಗಳನ್ನು ಹಿಡಿದುಕೊಂಡು ಅಲ್ಲೇ ನಿಂತ.